73 ವರ್ಷದ ಮೇಲೆ ಊರು ಸೇರಿದ ಲೆಫ್ಟಿನೆಂಟ್

ಸಂಜೆ ಬಸ್ಸು ಅರ್ಧ ಗಂಟೆ ತಡವಾದರೆ ಮನೆಯವರು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಎರಡು ಗಂಟೆಯಾದರೆ ಪಕ್ಕದ ಮನೆಯವರನ್ನು ವಿಚಾರಿಸುತ್ತಾರೆ. ಬರಬೇಕಾದವನು 73 ವರ್ಷ ತಡ ಮಾಡಿದರೆ?

ಅಮೆರಿಕದ ಜಾರ್ಜಿಯಾ ರಾಜ್ಯದ ಕಾನ್ಕಾರ್ಡ್ ಎಂಬ ಸಣ್ಣ ಊರಿನ ಒಂದು ಮನೆಗೆ ಆದದ್ದು ಇದೇ. ಹುಡುಗ ರಾಬರ್ಟ್ ಆಕ್ಸ್‌ಫರ್ಡ್. ವಯಸ್ಸು 24, ವಾಯುದಳದಲ್ಲಿ ಲೆಫ್ಟಿನೆಂಟ್. ಕಳೆದುಹೋದದ್ದು ಎಲ್ಲಿ ಅಂತೀರಿ? ನಮ್ಮದೇ ಅರುಣಾಚಲದ ಬೆಟ್ಟದಲ್ಲಿ!

ಎರಡನೇ ಮಹಾಯುದ್ಧದ ಕಾಲ. 1942ರಲ್ಲಿ ಜಪಾನಿಗಳು ಬರ್ಮಾ ರಸ್ತೆ ಮುಚ್ಚಿಸಿದ್ದರು. ಚೀನಾದಲ್ಲಿದ್ದ ಪಡೆಗಳಿಗೆ ಪೆಟ್ರೋಲು, ಬಾಂಬು, ಮದ್ದುಗುಂಡು ಎಲ್ಲ ಅಸ್ಸಾಮಿನಿಂದ ಬೆಟ್ಟದ ಸಾಲು ದಾಟಿ ವಿಮಾನದಲ್ಲೇ ಹೋಗಬೇಕು. ಪೈಲಟ್‌ಗಳು ಆ ದಾರಿಗೆ ‘ಹಂಪ್’ ಎಂದು ಹೆಸರಿಟ್ಟಿದ್ದರು. ಅಂದರೆ ಒಂಟೆಯ ಡುಬ್ಬ. ಮೋಡ, ಹಿಮ, ಬಿರುಗಾಳಿ ಸೇರಿ ಅಲ್ಲಿ ಸುಮಾರು 600 ವಿಮಾನಗಳನ್ನು ನುಂಗಿದವು.

1944ರ ಜನವರಿ 25ರಂದು ಚೀನಾದ ಕುನ್ಮಿಂಗ್‌ನಿಂದ ಒಂದು ಬಿ-24 ಬಾಂಬರು ಅಸ್ಸಾಮಿನ ಚಬುವಾಕ್ಕೆ ಹೊರಟಿತು. ಒಳಗೆ ಆಕ್ಸ್‌ಫರ್ಡ್ ಸೇರಿ 8 ಮಂದಿ. ವಿಮಾನಕ್ಕೆ ಇಟ್ಟಿದ್ದ ಹೆಸರು ‘ಹಾಟ್ ಆ್ಯಸ್ ಹೆಲ್’, ನರಕದಷ್ಟು ಬಿಸಿ ಅಂತ. ಬಿದ್ದದ್ದು ಮಾತ್ರ ಕೊರೆಯುವ ಚಳಿಯ ಬೆಟ್ಟದಲ್ಲಿ. ಹುಡುಕಿದರೂ ಸುಳಿವು ಸಿಗಲಿಲ್ಲ. ಸತ್ತಿದ್ದಾರೆಂದು ಸರ್ಕಾರ ಕಾಗದದ ಮೇಲೆ ಬರೆದು ಮುಗಿಸಿತು.

ಕಾಗದದಲ್ಲಿ ಮುಗಿದದ್ದು ಮನೆಯಲ್ಲಿ ಮುಗಿಯುತ್ತದೆಯೇ? ದೇಹ ಸಿಗದಿದ್ದರೆ ಅಳಬೇಕೋ ಕಾಯಬೇಕೋ ತಿಳಿಯದು. ನಮ್ಮಲ್ಲಾದರೆ ಯಾವ ದಿನ ತಿಥಿ ಮಾಡೋದು ಎಂಬುದೇ ದೊಡ್ಡ ಸಂಕಟ. ಹುಡುಗನ ಹೆತ್ತವರು ಮಗ ಬಿದ್ದ ಜಾಗ ಯಾವುದೆಂದು ತಿಳಿಯದೇ ಕಣ್ಣು ಮುಚ್ಚಿದರು.

2006ರಲ್ಲಿ ಕ್ಲೇಟನ್ ಕೂಲ್ಸ್ ಎಂಬ ಅಮೆರಿಕದ ಚಾರಣಿಗ ಸ್ಥಳೀಯರನ್ನು ಕೇಳಿಕೊಂಡು ಕಾಡು ಹತ್ತಿದ. ಸಿಕ್ಕಿದ್ದು ಅದೇ ವಿಮಾನದ ಅವಶೇಷ! ಆದರೂ ಕೆಲಸ ಸಲೀಸಾಗಲಿಲ್ಲ. ಕಡಿದಾದ ಬೆಟ್ಟ, ವಿಪರೀತ ಮಳೆ, ಮೇಲೆ ಚೀನಾ ಗಡಿಗೆ ಹತ್ತಿರದ ಸೂಕ್ಷ್ಮ ಜಾಗ. ಅಮೆರಿಕದ ತಂಡ ಬಂದು ಮಣ್ಣು ಅಗೆದು ಮೂಳೆ ಹುಡುಕಿದ್ದು 2015ರಲ್ಲಿ.

2016ರ ಏಪ್ರಿಲ್‌ನಲ್ಲಿ ದೆಹಲಿಯಿಂದ ಅವಶೇಷಗಳಿಗೆ ಗೌರವದ ಬೀಳ್ಕೊಡುಗೆ ನಡೆಯಿತು. ಆಗಿನ ಅಮೆರಿಕದ ರಕ್ಷಣಾ ಸಚಿವ ಆ್ಯಶ್ ಕಾರ್ಟರ್ ಖುದ್ದು ನಿಂತಿದ್ದರು. ಡಿಎನ್‌ಎ ಪರೀಕ್ಷೆ ನಡೆದು ಗುರುತು ಖಚಿತವಾಯಿತು. 2017ರ ಜೂನ್‌ನಲ್ಲಿ ಆಕ್ಸ್‌ಫರ್ಡ್ ಹುಟ್ಟೂರಿನ ಮಣ್ಣು ಸೇರಿದ.

ಹಿಡಿ ಮೂಳೆಗೆ ಇಷ್ಟೆಲ್ಲ ಯಾಕೆ ಎಂದು ಕೇಳುವವರೂ ಇದ್ದಾರೆ. ಅಂಗಡಿ ಇಟ್ಟವರಿಗೆ ಗೊತ್ತು, ಖಾತೆ ಎಷ್ಟೇ ಹಳೇದಾಗಲಿ, ಲೆಕ್ಕ ಚುಕ್ತಾ ಆಗುವವರೆಗೆ ಪುಸ್ತಕ ಮುಚ್ಚೋಕಾಗಲ್ಲ.

ಅಂದು ಮಣ್ಣಾದವನು ಒಬ್ಬ. ಜೊತೆಗೆ ಇನ್ನೂ 7 ಮಂದಿ ಹೊರಟಿದ್ದರು. ಅವರ ಮನೆಗಳಲ್ಲೂ ಬಾಗಿಲಿಗೆ ಬಂದು ನಿಂತವರಿದ್ದರು.