೬.೪೧ ಸೆಕೆಂಡು: ಒಂದು ಓಟದ ಕಾಲಮಾನದ ಅರ್ಥವಿಚಾರ

ಕ್ರೀಡಾಸ್ಪರ್ಧೆಗಳ ಫಲಿತಾಂಶವನ್ನು ನಾವು ಅಂಕಿಗಳಲ್ಲಿ ಓದುತ್ತೇವೆ. ಅಂಕಿಯಿದ್ದಲ್ಲಿ ಸಂದೇಹಕ್ಕೆ ಎಡೆಯಿಲ್ಲವೆಂದು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಅಳತೆಯ ಅಂಕಿಯೊಂದು ಯಾವುದನ್ನು ಹೇಳುತ್ತದೆ, ಯಾವುದನ್ನು ಹೇಳುವುದಿಲ್ಲ ಎಂಬುದನ್ನು ವಿಚಾರಮಾಡಿ ನೋಡುವ ಅಭ್ಯಾಸ ವಿದ್ಯಾರ್ಥಿಗಳಿಗೂ ಅವರನ್ನು ತಿದ್ದುವ ಅಧ್ಯಾಪಕರಿಗೂ ಆವಶ್ಯಕವಾದುದು. ಪ್ರಕೃತ ಲೇಖನದಲ್ಲಿ ವಿಶ್ವ ಒಳಾಂಗಣ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ಪಿನ ಪುರುಷರ ೬೦ ಮೀಟರ್ ಓಟವನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಚಾರವನ್ನು ಮಾಡಲು ಉದ್ದೇಶಿಸಿದ್ದೇವೆ. ಆ ಓಟದ ಚರಿತ್ರೆಯಲ್ಲಿ ೬.೪೧ ಸೆಕೆಂಡು ಎಂಬ ಒಂದೇ ಅಂಕಿ ೧೯೮೭, ೨೦೨೨, ೨೦೨೪ರ ಮೂರು ಕೂಟಗಳಲ್ಲಿ ಬಂದು, ಮೂರರಲ್ಲಿಯೂ ಬೇರೆ ಬೇರೆ ಅರ್ಥವನ್ನು ಪಡೆದಿದೆ.

ಮೊದಲು ಓಟದ ಸ್ವರೂಪವನ್ನು ಕುರಿತು ಎರಡು ಮಾತು. ಒಳಾಂಗಣದ ಸುತ್ತುಪಥದ ಉದ್ದ ೨೦೦ ಮೀಟರ್. ಅದರ ನಡುವಣ ಜಾಗದಲ್ಲಿ ನೂರು ಮೀಟರಿನ ನೇರಪಥವನ್ನೂ, ಓಟಗಾರರು ವೇಗವನ್ನು ತಗ್ಗಿಸಿ ನಿಲ್ಲಲು ಬೇಕಾದ ಸ್ಥಳವನ್ನೂ ಒದಗಿಸುವುದು ಸಾಧ್ಯವಿಲ್ಲವಾದುದರಿಂದ ೬೦ ಮೀಟರ್ ಓಟ ರೂಢಿಗೆ ಬಂದಿದೆ. ಇಲ್ಲಿ ಗಾಳಿಯ ಸಹಾಯವಾಗಲಿ ಅಡ್ಡಿಯಾಗಲಿ ಇಲ್ಲ. ಇದನ್ನು ನೂರು ಮೀಟರ್ ಓಟದ ತುಂಡೆಂದು ತಿಳಿಯುವುದು ಮಾತ್ರ ಸರಿಯಲ್ಲ. ಉಸೇನ್ ಬೋಲ್ಟ್ ೨೦೦೯ರಲ್ಲಿ ಬರ್ಲಿನ್ನಿನಲ್ಲಿ ನೂರು ಮೀಟರನ್ನು ೯.೫೮ ಸೆಕೆಂಡಿನಲ್ಲಿ ಓಡಿದಾಗ ಮೊದಲ ೨೦ ಮೀಟರಿಗೆ ೨.೮೯ ಸೆಕೆಂಡು ಹಿಡಿಯಿತು. ಅನಂತರದ ಇಪ್ಪತ್ತು ಇಪ್ಪತ್ತು ಮೀಟರುಗಳಿಗೆ ಕ್ರಮವಾಗಿ ೧.೭೫, ೧.೬೭, ೧.೬೧, ೧.೬೬ ಸೆಕೆಂಡುಗಳು ಹಿಡಿದವು. ಎಂದರೆ, ಅವರ ಪರಮವೇಗ ಒದಗಿದ್ದು ೬೦ ಮೀಟರ್ ದಾಟಿದ ಮೇಲೆ. ಒಳಾಂಗಣದ ಓಟ ಆ ವೇಳೆಗೆ ಮುಗಿದೇ ಹೋಗಿರುತ್ತದೆ. ಆದುದರಿಂದ ಇದು ಬಹುಮಟ್ಟಿಗೆ ವೇಗೋತ್ಕರ್ಷದ ಪರೀಕ್ಷೆ. ಹೊರಡುವುದರಲ್ಲಿ ಆದ ತಡವನ್ನು ಸರಿಪಡಿಸಿಕೊಳ್ಳಲು ಇದರಲ್ಲಿ ಅವಕಾಶ ಅತ್ಯಲ್ಪ.

ಈಗ ಮುಖ್ಯ ನಿದರ್ಶನಕ್ಕೆ ಬರೋಣ. ೨೦೨೨ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಸರ್ಬಿಯ ದೇಶದ ಬೆಲ್‌ಗ್ರೇಡ್ ನಗರದಲ್ಲಿ ಈ ಚಾಂಪಿಯನ್‌ಷಿಪ್ ನಡೆಯಿತು. ಹಿಂದಿನ ವರ್ಷ ಟೋಕಿಯೋ ಒಲಿಂಪಿಕ್ಸಿನಲ್ಲಿ ನೂರು ಮೀಟರ್ ಓಟವನ್ನು ಗೆದ್ದಿದ್ದ ಇಟಲಿಯ ಮಾರ್ಸೆಲ್ ಜೇಕಬ್ಸ್ ಒಂದು ಕಡೆ, ೨೦೧೮ರಲ್ಲಿ ೬.೩೪ ಸೆಕೆಂಡಿನ ವಿಶ್ವದಾಖಲೆಯನ್ನು ಸ್ಥಾಪಿಸಿದ್ದ ಅಮೆರಿಕದ ಕ್ರಿಶ್ಚಿಯನ್ ಕೋಲ್ಮನ್ ಇನ್ನೊಂದು ಕಡೆ. ಅಂತಿಮ ಓಟ ಮುಗಿದಾಗ ಪ್ರಕಟವಾದ ಕಾಲ ಇಬ್ಬರಿಗೂ ೬.೪೧ ಸೆಕೆಂಡು. ಮೂರನೆಯವರಾದ ಮಾರ್ವಿನ್ ಬ್ರೇಸಿಯವರದು ೬.೪೪. ಹೀಗಿದ್ದರೂ ಚಿನ್ನದ ಪದಕ ಜೇಕಬ್ಸರಿಗೆ, ಬೆಳ್ಳಿಯ ಪದಕ ಕೋಲ್ಮನ್ನರಿಗೆ ಸಂದಿತು. ಏಕೆಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗದವರೆಗೆ ಗಣಿಸಿದಾಗ ಜೇಕಬ್ಸರ ಕಾಲ ೬.೪೦೭ ಎಂದೂ ಕೋಲ್ಮನ್ನರ ಕಾಲ ೬.೪೧೦ ಎಂದೂ ಕಂಡುಬಂದಿತು. ಅಂತರ ಕೇವಲ ಮೂರು ಸಹಸ್ರಾಂಶ. ಇಷ್ಟು ಸೂಕ್ಷ್ಮವಾದ ಅಂತರದ ಮೇಲೆ ಒಬ್ಬರನ್ನು ಜಗಜ್ಜೇತರೆಂದೂ ಮತ್ತೊಬ್ಬರನ್ನು ಪರಾಜಿತರೆಂದೂ ಸಾರುವುದು ನ್ಯಾಯವೇ? ಇದೇ ಇಲ್ಲಿನ ಪ್ರಶ್ನೆ.

ಉತ್ತರವನ್ನು ಹುಡುಕುವ ಮುನ್ನ ಅಳತೆಯ ವಿಧಾನವನ್ನು ತಿಳಿಯಬೇಕು. ಗುರಿಯ ಗೆರೆಯ ನೇರಕ್ಕೆ ನಿಲ್ಲಿಸಿದ ಕ್ಯಾಮೆರಾ ಸಾಮಾನ್ಯ ಚಿತ್ರವನ್ನು ತೆಗೆಯುವುದಿಲ್ಲ. ಒಂದು ಸಣ್ಣ ಸೀಳಿನ ಮೂಲಕ ಅದು ಆ ಗೆರೆಯೊಂದನ್ನೇ ಸೆಕೆಂಡಿಗೆ ಸಾವಿರ ಸಲವಾದರೂ ನೋಡುತ್ತದೆ; ಆ ಎಳೆಗಳನ್ನು ಒಂದರ ಪಕ್ಕದಲ್ಲೊಂದು ಜೋಡಿಸಿದರೆ ಚಿತ್ರವಾಗುತ್ತದೆ. ಆದುದರಿಂದ ಆ ಚಿತ್ರದಲ್ಲಿ ಎಡದಿಂದ ಬಲಕ್ಕೆ ಹರಡಿರುವುದು ಸ್ಥಳವಲ್ಲ, ಕಾಲ. ಓಟಗಾರನ ತಲೆ, ಕುತ್ತಿಗೆ, ಕೈಕಾಲುಗಳನ್ನು ಬಿಟ್ಟು ಮುಂಡದ ಭಾಗ ಗೆರೆಯ ಹತ್ತಿರದ ಅಂಚನ್ನು ಮುಟ್ಟಿದ ಕ್ಷಣವೇ ಅವನ ಕಾಲ. ಈ ಕಾಲವನ್ನು ಸಹಸ್ರಾಂಶದಲ್ಲಿ ಓದಿ, ಶತಾಂಶಕ್ಕೆ ಸರಿಯಾಗಿ ನಿಲ್ಲದಿದ್ದರೆ ಮುಂದಿನ ಶತಾಂಶಕ್ಕೆ ಏರಿಸಿ ಪ್ರಕಟಿಸಬೇಕೆಂಬುದು ನಿಯಮ. ಈ ನಿಯಮದಂತೆ ೬.೪೦೧ರಿಂದ ೬.೪೧೦ರವರೆಗಿನ ಹತ್ತು ಕಾಲಗಳಿಗೂ ೬.೪೧ ಎಂಬುದೇ ಹೆಸರು. ಕೋಲ್ಮನ್ನರು ಇನ್ನೊಂದು ಸಹಸ್ರಾಂಶ ತಡಮಾಡಿದ್ದರೆ ಅವರ ಹೆಸರಿನ ಮುಂದೆ ೬.೪೨ ಎಂದಿರುತ್ತಿತ್ತು. ಪ್ರಕಟವಾದ ಅಂಕಿ ಒಂದು ಬಿಂದುವಲ್ಲ, ಒಂದು ವ್ಯಾಪ್ತಿ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನು ಆ ಮೂರು ಸಹಸ್ರಾಂಶದ ಬೆಲೆಯೇನು? ಓಟದ ಕೊನೆಯಲ್ಲಿ ವೇಗವನ್ನು ಸೆಕೆಂಡಿಗೆ ಸುಮಾರು ೧೧.೫ ಮೀಟರ್ ಎಂದು ಹಿಡಿದರೆ ಅದು ಸುಮಾರು ಮೂರೂವರೆ ಸೆಂಟಿಮೀಟರಿಗೆ ಸಮವಾಗುತ್ತದೆ. ಇದು ಬರಿಗಣ್ಣಿಗೆ ನಿಲುಕದಿದ್ದರೂ ಯಂತ್ರಕ್ಕೆ ನಿಲುಕುವ ಅಂತರವೇ. ಇದನ್ನು ಈಜಿನ ಸ್ಪರ್ಧೆಯೊಡನೆ ಹೋಲಿಸುವುದು ಉಪಯುಕ್ತ. ೧೯೭೨ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ೪೦೦ ಮೀಟರ್ ವೈಯಕ್ತಿಕ ಮೆಡ್ಲೆ ಈಜನ್ನು ಸ್ವೀಡನ್ನಿನ ಗುನ್ನರ್ ಲಾರ್ಸನ್ ಅಮೆರಿಕದ ಟಿಮ್ ಮೆಕೀ ಅವರಿಗಿಂತ ಎರಡು ಸಹಸ್ರಾಂಶ ಮುಂದಾಗಿ ಗೆದ್ದರು. ಈಜುಗಾರರ ವೇಗಕ್ಕೆ ಇದು ಸುಮಾರು ಮೂರು ಮಿಲಿಮೀಟರ್ ಮಾತ್ರ. ಕೊಳದ ಒಂದೊಂದು ಪಥಕ್ಕೂ ಒಂದೊಂದು ಗೋಡೆ, ಒಂದೊಂದು ಸ್ಪರ್ಶಫಲಕ. ಅವುಗಳ ನಡುವೆ ಮೂರು ಮಿಲಿಮೀಟರಿನ ವ್ಯತ್ಯಾಸವೂ ಇಲ್ಲದಂತೆ ಕೊಳವನ್ನು ಕಟ್ಟುವುದು ಯಾರಿಗೂ ಸುಲಭವಲ್ಲ. ಆದುದರಿಂದ ಮುಂದೆ ಈಜಿನಲ್ಲಿ ಸಹಸ್ರಾಂಶವನ್ನು ಕೈಬಿಟ್ಟು ಶತಾಂಶಕ್ಕೆ ನಿಂತರು. ೧೯೮೪ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಮಹಿಳೆಯರ ೧೦೦ ಮೀಟರ್ ಈಜಿನಲ್ಲಿ ಇಬ್ಬರು ಚಿನ್ನವನ್ನು ಹಂಚಿಕೊಂಡದ್ದು ಈ ನಿಯಮದ ಫಲ. ನೇರಪಥದ ಓಟದಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಎಲ್ಲರಿಗೂ ಒಂದೇ ಗೆರೆ, ಒಂದೇ ಕ್ಯಾಮೆರಾ, ಒಂದೇ ಗಡಿಯಾರ. ಗಡಿಯಾರ ಹೊರಡುವಾಗ ಅತ್ಯಲ್ಪ ದೋಷವಿದ್ದರೂ ಅದು ಇಬ್ಬರಿಗೂ ಸಮನಾಗಿ ಸೇರುವುದರಿಂದ ಅವರ ನಡುವಣ ಅಂತರ ಕೆಡುವುದಿಲ್ಲ. ಆದಕಾರಣ ಗೆರೆಯನ್ನು ಮೊದಲು ಮುಟ್ಟಿದವರು ಯಾರು ಎಂಬ ಪ್ರಶ್ನೆಗೆ ಬೆಲ್‌ಗ್ರೇಡಿನಲ್ಲಿ ದೊರೆತ ಉತ್ತರ ದೃಢವಾದುದೆಂದೇ ಹೇಳಬೇಕು.

ಆದರೆ ನ್ಯಾಯವೆಂಬುದು ಗುರಿಯ ಗೆರೆಯಲ್ಲಿ ಮಾತ್ರ ಇರುವುದಲ್ಲ. ಹೊರಡುವ ಗೆರೆಯಲ್ಲಿಯೂ ಇರಬೇಕು. ಶಬ್ದ ಸೆಕೆಂಡಿಗೆ ಸುಮಾರು ೩೪೦ ಮೀಟರ್ ಚಲಿಸುತ್ತದೆ. ಒಂದು ಪಥದ ಅಗಲ ೧.೨೨ ಮೀಟರ್. ಎಂದರೆ, ಪಿಸ್ತೂಲಿನ ಸದ್ದು ಒಂದು ಪಥವನ್ನು ದಾಟಲು ಮೂರೂವರೆ ಸಹಸ್ರಾಂಶಕ್ಕೂ ತುಸು ಹೆಚ್ಚು ಹಿಡಿಯುತ್ತದೆ. ಬೆಲ್‌ಗ್ರೇಡಿನ ಚಿನ್ನಕ್ಕೂ ಬೆಳ್ಳಿಗೂ ಇದ್ದ ಅಂತರ ಇದಕ್ಕಿಂತ ಕಡಮೆ! ಮೊದಲ ಪಥದ ಪಕ್ಕದಲ್ಲಿ ನಿಂತು ಪಿಸ್ತೂಲು ಹಾರಿಸಿದರೆ ಎಂಟನೆಯ ಪಥದವನಿಗೆ ಅದು ಮೊದಲನೆಯವನಿಗಿಂತ ಸುಮಾರು ೨೫ ಸಹಸ್ರಾಂಶ ತಡವಾಗಿ ಕೇಳಿಸುತ್ತದೆ. ಈ ಅನ್ಯಾಯವನ್ನು ತಪ್ಪಿಸಲೆಂದೇ ಪ್ರತಿಯೊಬ್ಬ ಓಟಗಾರನ ಹಿಂದೆಯೂ ಒಂದು ಧ್ವನಿವರ್ಧಕವನ್ನಿಡುತ್ತಾರೆ. ಗುರಿಯಲ್ಲಿ ಸಹಸ್ರಾಂಶವನ್ನು ಎಣಿಸುವವರು ಆರಂಭದಲ್ಲಿಯೂ ಸಹಸ್ರಾಂಶವನ್ನು ಗೌರವಿಸಬೇಕಾದುದು ನ್ಯಾಯ.

ಸದ್ದನ್ನು ಸಮನಾಗಿ ಹಂಚಬಹುದು. ಅದಕ್ಕೆ ದೇಹ ಓಗೊಡುವ ಬಗೆಯನ್ನು ಹಂಚಲಾಗದು. ಸದ್ದಾದ ೦.೧೦೦ ಸೆಕೆಂಡಿನೊಳಗೆ ಸ್ಟಾರ್ಟಿಂಗ್ ಬ್ಲಾಕನ್ನು ಒದ್ದರೆ ಅದು ತಪ್ಪು ಆರಂಭವೆನಿಸುತ್ತದೆ. ಆ ಮಿತಿಯ ಆಚೆಗೆ ಓಟಗಾರರ ನಡುವೆ ಹತ್ತಿಪ್ಪತ್ತು ಸಹಸ್ರಾಂಶಗಳ ವ್ಯತ್ಯಾಸ ಸರ್ವಸಾಮಾನ್ಯ. ಒಬ್ಬನು ೦.೧೩೦ ಸೆಕೆಂಡಿಗೂ ಮತ್ತೊಬ್ಬನು ೦.೧೫೦ ಸೆಕೆಂಡಿಗೂ ಹೊರಟು, ಮೊದಲನೆಯವನು ಮೂರು ಸಹಸ್ರಾಂಶದಿಂದ ಗೆದ್ದನೆಂದು ಭಾವಿಸೋಣ. ಹೊರಟ ಮೇಲಿನ ಓಟವನ್ನಷ್ಟೇ ಗಣಿಸಿದರೆ ಸೋತವನೇ ೧೭ ಸಹಸ್ರಾಂಶ ಶೀಘ್ರನಾಗಿರುತ್ತಾನೆ. ಇದರಿಂದ ತೀರ್ಪು ತಪ್ಪಾಗುವುದಿಲ್ಲ, ಏಕೆಂದರೆ ಎಚ್ಚರವೂ ಓಟದ ಒಂದು ಅಂಗ. ಆದರೆ ಗೆದ್ದವನೇ ಹೆಚ್ಚು ವೇಗಿ ಎಂಬ ತೀರ್ಮಾನವನ್ನು ಆ ತೀರ್ಪಿನಿಂದ ಎಳೆಯಲು ಬರುವುದಿಲ್ಲ.

ಅಳತೆಗೆ ಇನ್ನೂ ಒಂದು ಮಿತಿಯುಂಟು. ಈ ಚಾಂಪಿಯನ್‌ಷಿಪ್ ೧೯೮೭ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ನಡೆದಾಗ ಕೆನಡದ ಬೆನ್ ಜಾನ್ಸನ್ ೬೦ ಮೀಟರನ್ನು ಓಡಿದ ಕಾಲವೂ ೬.೪೧ ಸೆಕೆಂಡೇ. ಅಂದು ಅದು ವಿಶ್ವದಾಖಲೆಯೆನಿಸಿತು. ೧೯೮೯ರಲ್ಲಿ ಕೆನಡ ಸರ್ಕಾರದ ವಿಚಾರಣೆಯ ಮುಂದೆ ತಾವು ನಿಷಿದ್ಧ ಔಷಧಗಳನ್ನು ಸೇವಿಸುತ್ತಿದ್ದುದನ್ನು ಅವರು ಒಪ್ಪಿಕೊಂಡ ಮೇಲೆ ಆ ಕಾಲವನ್ನು ತೊಡೆದುಹಾಕಿ, ೬.೫೦ ಸೆಕೆಂಡಿನಲ್ಲಿ ಓಡಿದ್ದ ಅಮೆರಿಕದ ಲೀ ಮೆಕ್ರೇ ಅವರನ್ನು ವಿಜಯಿಯೆಂದು ಗಣಿಸಲಾಯಿತು. ಕ್ಯಾಮೆರಾ ಅಂದು ಸುಳ್ಳು ಹೇಳಿರಲಿಲ್ಲ. ಎದೆ ಗೆರೆಯನ್ನು ಯಾವಾಗ ಮುಟ್ಟಿತೆಂಬುದನ್ನು ಅದು ಹೇಳಿತು. ಆ ಎದೆಗೆ ಅಷ್ಟು ಬಲ ಎಲ್ಲಿಂದ ಬಂದಿತೆಂಬುದನ್ನು ಹೇಳುವುದು ಅದರ ಕೆಲಸವಾಗಿರಲಿಲ್ಲ.

ಮೂರನೆಯ ಸಂದರ್ಭ ೨೦೨೪ರ ಗ್ಲಾಸ್ಗೋ ಕೂಟದ್ದು. ಅಲ್ಲಿ ಕೋಲ್ಮನ್ನರ ಕಾಲ ಮತ್ತೆ ೬.೪೧, ಈ ಸಲ ನೋಅ ಲೈಲ್ಸ್ ೬.೪೪ ಸೆಕೆಂಡಿನಲ್ಲಿ ಎರಡನೆಯವರಾದುದರಿಂದ ಚಿನ್ನ ಕೋಲ್ಮನ್ನರಿಗೆ ದೊರೆಯಿತು. ಬೆಲ್‌ಗ್ರೇಡಿನಲ್ಲಿ ಬೆಳ್ಳಿಯನ್ನು ತಂದ ಅಂಕಿಯೇ ಗ್ಲಾಸ್ಗೋದಲ್ಲಿ ಚಿನ್ನವನ್ನು ತಂದಿತು.

ಇಷ್ಟರಿಂದ ನಮಗೆ ದೊರೆಯುವ ತಾತ್ಪರ್ಯ ಸರಳವಾದುದು. ಒಂದೇ ಓಟದಲ್ಲಿ ಓಡಿದವರ ಅನುಕ್ರಮ ಒಂದು ಸಂಗತಿ. ಅವರ ಕಾಲ ಮತ್ತೊಂದು ಸಂಗತಿ. ಅವರ ಸಾಮರ್ಥ್ಯ ಮೂರನೆಯದು. ಮೊದಲನೆಯದನ್ನು ಸಹಸ್ರಾಂಶದವರೆಗೂ ನಂಬಬಹುದು. ಎರಡನೆಯದನ್ನು ಅದರ ನಿಯಮವನ್ನರಿತು ಓದಬೇಕು. ಮೂರನೆಯದನ್ನು ಅನೇಕ ಓಟಗಳನ್ನು ನೋಡಿಯೇ ನಿರ್ಣಯಿಸಬೇಕು. ಕಾಲೇಜಿನ ಕ್ರೀಡಾಕೂಟಗಳಲ್ಲಿ ಕೈಯಲ್ಲಿ ಸ್ಟಾಪ್ ವಾಚು ಹಿಡಿದು, ಬೇರೆ ಬೇರೆ ತಂಡಗಳಲ್ಲಿ ಓಡಿದ ಇಬ್ಬರನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದಿಂದ ಬೇರ್ಪಡಿಸಿ, ಒಬ್ಬನನ್ನು ಆರಿಸಿ ಮತ್ತೊಬ್ಬನನ್ನು ಮನೆಗೆ ಕಳುಹಿಸುವಾಗ ಈ ವಿವೇಕ ಅತ್ಯಂತ ಆವಶ್ಯಕ. ಅಲ್ಲಿ ಅಳೆಯಲ್ಪಡುವುದು ಓಟಗಾರನ ಕಾಲಿನಷ್ಟೇ ಗಡಿಯಾರ ಹಿಡಿದವನ ಬೆರಳು ಕೂಡ. ಅಂಥ ಇಬ್ಬರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ ಮತ್ತೊಮ್ಮೆ ಓಡಿಸುವುದು ಅಧ್ಯಾಪಕರಿಗೆ ಹತ್ತು ನಿಮಿಷದ ಶ್ರಮ. ಆ ಹುಡುಗನಿಗೆ ಮಾತ್ರ ಅದು ಇಡೀ ವರ್ಷದ ಪ್ರಶ್ನೆ.