ಹಳ್ಳಿಗೆ ಅತಿಥಿಯಾಗಿ: ಆನೆಗೊಂದಿ ಹೇಳುವ ಪಾಠ

ಬೆಂಗಳೂರು: ವಸಂತಪುರ, ಉತ್ತರಹಳ್ಳಿ, ಕೋಣನಕುಂಟೆ ಮುಂತಾದ ದಕ್ಷಿಣ ಬೆಂಗಳೂರಿನ ಬಡಾವಣೆಗಳು ಒಂದು ಕಾಲಕ್ಕೆ ಹಳ್ಳಿಗಳೇ ಆಗಿದ್ದವು. ವಸಂತಪುರದಲ್ಲಿ ಗುಡ್ಡದ ಮೇಲಿನ ವಸಂತವಲ್ಲಭರಾಯನ ಗುಡಿ ಉಳಿದಿದೆ. ಅದರ ಸುತ್ತಲಿನ ಊರು ನಗರದಲ್ಲಿ ಕರಗಿದೆ. ಇಂಥ ಬಡಾವಣೆಗಳ ನಿವಾಸಿಗಳಿಗೆ ಹಳ್ಳಿಯೆಂದರೆ ಈಗ ರಜೆಯಲ್ಲಿ ಹಣ ತೆತ್ತು ನೋಡಿಬರುವ ತಾಣ. 2024ರಲ್ಲಿ ಬೆಂಗಳೂರಿನಿಂದ ಬಾಲಿ ದ್ವೀಪಕ್ಕೆ ನೇರ ವಿಮಾನ ಆರಂಭವಾದ ಬಳಿಕ, ಅಲ್ಲಿನ 'ಸಾಂಪ್ರದಾಯಿಕ ಗ್ರಾಮ ದರ್ಶನ'ವೂ ಮಧ್ಯಮ ವರ್ಗಕ್ಕೆ ಹತ್ತಿರವಾಗಿದೆ.

ಆದರೆ ಹಳ್ಳಿಯ ಬದುಕನ್ನು ಕಾಣಬಯಸುವ ಪ್ರವಾಸಿ ಆ ಬದುಕಿಗೆ ನೆರವಾಗುತ್ತಾನೆಯೋ ಅಥವಾ ಅದನ್ನು ಕೆಡಿಸುತ್ತಾನೆಯೋ? ಈ ಪ್ರಶ್ನೆಗೆ ಉತ್ತರ ಹುಡುಕಲು ಬಾಲಿಗೇ ಹೋಗಬೇಕಿಲ್ಲ. ಕೊಪ್ಪಳ ಜಿಲ್ಲೆಯ ಆನೆಗೊಂದಿ ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಈ ಪ್ರಶ್ನೆಯನ್ನು ಎದುರಿಸುತ್ತಿದೆ.

ನದಿಯಾಚೆಯ ಊರು

ತುಂಗಭದ್ರೆಯ ದಕ್ಷಿಣ ದಂಡೆಯಲ್ಲಿ ಹಂಪಿ. ಉತ್ತರ ದಂಡೆಯಲ್ಲಿ, ಗಂಗಾವತಿ ತಾಲ್ಲೂಕಿಗೆ ಸೇರಿದ ಆನೆಗೊಂದಿ. ವಿಜಯನಗರ ತಲೆಯೆತ್ತುವ ಮೊದಲೇ ಇದ್ದ ಊರಿದು. ಹಂಪಿಯಲ್ಲಿ ಕಾಣುವುದು ಬಹುಪಾಲು ಅವಶೇಷ. ಆನೆಗೊಂದಿಯಲ್ಲಾದರೋ ಕೋಟೆ ಬಾಗಿಲು, ಗಗನ ಮಹಲು, ರಂಗನಾಥಸ್ವಾಮಿ ಗುಡಿಗಳ ನಡುವೆಯೇ ಜನವಸತಿ ಇದೆ. ನದಿಯ ನಡುಗಡ್ಡೆಯಲ್ಲಿ ಮಾಧ್ವ ಯತಿಗಳ ನವಬೃಂದಾವನವಿದೆ. ಸಮೀಪದ ಅಂಜನಾದ್ರಿ ಬೆಟ್ಟ ಹನುಮನ ಜನ್ಮಸ್ಥಳವೆಂಬುದು ಭಕ್ತರ ನಂಬಿಕೆ.

ಸುತ್ತಲೂ ಭತ್ತ ಮತ್ತು ಬಾಳೆ. ವಿಜಯನಗರದ ಅರಸರು ನದಿಗೆ ಅಣೆಕಟ್ಟಿ ತೆಗೆಸಿದ ಕಾಲುವೆಗಳು ಈ ಭಾಗದಲ್ಲಿ ಇಂದಿಗೂ ಗದ್ದೆಗೆ ನೀರುಣಿಸುತ್ತಿವೆ. ನೀರನ್ನು ಹಂಚಿಕೊಂಡು ಭತ್ತ ಬೆಳೆಯುವ ಬಾಲಿಯ 'ಸುಬಕ್' ಪದ್ಧತಿಗೆ 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಮಾನ್ಯತೆ ದೊರೆಯಿತು. ಪ್ರವಾಸಿಯ ಕಣ್ಣಿಗೆ ಹಸಿರು ನೋಟವಾಗಿ ಕಾಣುವುದು ಎರಡೂ ಕಡೆ ರೈತರ ದಿನನಿತ್ಯದ ದುಡಿಮೆಯ ಫಲ.

ಬಾಳೆದಿಂಡಿನಿಂದ ಆದಾಯ

1997ರಲ್ಲಿ ಇಲ್ಲಿ ಕಿಷ್ಕಿಂದಾ ಟ್ರಸ್ಟ್ ಸ್ಥಾಪನೆಯಾಯಿತು. ಬಾಳೆ ಒಮ್ಮೆ ಮಾತ್ರ ಗೊನೆ ಬಿಡುವ ಗಿಡ. ಗೊನೆ ಕಡಿದ ಮೇಲೆ ದಿಂಡು ತ್ಯಾಜ್ಯ. ಅದರ ಪದರಗಳನ್ನು ಬಿಡಿಸಿ, ಒಣಗಿಸಿ, ನಾರನ್ನು ಹೊಸೆದು ಹಗ್ಗವಾಗಿಸಿ, ಆ ಹಗ್ಗದಿಂದ ಬುಟ್ಟಿ, ಚೀಲ, ಚಾಪೆ ಹೆಣೆಯುವ ಕೆಲಸವನ್ನು ಊರಿನ ಮಹಿಳೆಯರು ಕಲಿತರು. ಹಳೆಯ ಮನೆಗಳನ್ನು ಕೆಡವದೆ ದುರಸ್ತಿ ಮಾಡಿ ಅತಿಥಿಗಳಿಗೆ ಕೊಡುವ ಪ್ರಯತ್ನವೂ ನಡೆಯಿತು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಜೊತೆಗೂಡಿ 2003ರಲ್ಲಿ ಕೈಗೊಂಡ ಗ್ರಾಮೀಣ ಪ್ರವಾಸೋದ್ಯಮ ಯೋಜನೆಗೆ ದೇಶದ 36 ತಾಣಗಳು ಆಯ್ಕೆಯಾದವು. ಕರ್ನಾಟಕದಿಂದ ಬನವಾಸಿಯ ಜೊತೆ ಆನೆಗೊಂದಿಯೂ ಅದರಲ್ಲಿತ್ತು.

ಈ ಮಾದರಿಯ ತಿರುಳು ಸರಳವಾದುದು. ಪ್ರವಾಸಿ ಕೊಡುವ ಹಣ ರೊಟ್ಟಿ ತಟ್ಟುವವರಿಗೆ, ಹರಿಗೋಲು ಹಾಕುವವರಿಗೆ, ನಾರು ಹೊಸೆಯುವವರಿಗೆ ನೇರವಾಗಿ ತಲುಪಿದರೆ, ಮನೆಯನ್ನೂ ಕಸುಬನ್ನೂ ಉಳಿಸಿಕೊಳ್ಳಲು ಅವರಿಗೆ ಕಾರಣ ಸಿಗುತ್ತದೆ.

ನಿಯಮಗಳ ಇಕ್ಕಟ್ಟು

ವಾಸ್ತವ ಇಷ್ಟು ಸುಲಭವಾಗಿಲ್ಲ. ಹಂಪಿಯ ಸ್ಮಾರಕ ಸಮೂಹ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನದಿಗೆ ಅಡ್ಡಲಾಗಿ ಸೇತುವೆ ಕಟ್ಟಲು ಹೊರಟ ವಿವಾದದ ನಡುವೆ 1999ರಲ್ಲಿ ಅದನ್ನು ಅಪಾಯದಂಚಿನ ಪಟ್ಟಿಗೂ ಸೇರಿಸಲಾಯಿತು. 2006ರಲ್ಲಿ ಆ ಪಟ್ಟಿಯಿಂದ ಕೈಬಿಡಲಾಯಿತು. ನಿರ್ಮಾಣ ಹಂತದಲ್ಲಿದ್ದ ಆನೆಗೊಂದಿ ಸೇತುವೆ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಸಾವಿಗೀಡಾದರು. ಇಲ್ಲಿ ಹೊಸ ಕಟ್ಟಡ, ದುರಸ್ತಿ, ವ್ಯಾಪಾರ ಎಲ್ಲವೂ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ನಿಯಮಗಳಿಗೆ ಒಳಪಟ್ಟಿವೆ.

ನಿಯಮ ಮೀರಿದರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ವಿರೂಪಾಪುರ ಗಡ್ಡೆಯೇ ಸಾಕ್ಷಿ. ವಿದೇಶಿಯರ ನೆಚ್ಚಿನ ತಾಣವಾಗಿದ್ದ ಅಲ್ಲಿನ ರೆಸಾರ್ಟ್‌ಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ 2020ರ ಮಾರ್ಚ್‌ನಲ್ಲಿ ನೆಲಸಮ ಮಾಡಲಾಯಿತು. ಅದಕ್ಕೂ ಮುನ್ನ, 2011ರಲ್ಲಿ, ಹಂಪಿ ಬಜಾರಿನ ಕಲ್ಲುಮಂಟಪಗಳಲ್ಲಿ ನೆಲೆಸಿದ್ದ ಕುಟುಂಬಗಳನ್ನು ತೆರವುಗೊಳಿಸಲಾಗಿತ್ತು. ಸ್ಮಾರಕ ಉಳಿಯಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಮಗ್ಗುಲಲ್ಲೇ ಹುಟ್ಟಿ ಬೆಳೆದವನಿಗೆ ಮನೆಗೊಂದು ಕೋಣೆ ಸೇರಿಸುವುದೂ ಕಷ್ಟವಾದರೆ, ಪರಂಪರೆ ಎಂಬ ಪದ ಅವನಿಗೆ ಹೊರೆಯಾಗಿಯೇ ಕೇಳಿಸುತ್ತದೆ.

ಇನ್ನೊಂದೆಡೆ ಅಂಜನಾದ್ರಿಗೆ ಬರುವ ಭಕ್ತರ ದಟ್ಟಣೆ ಹೆಚ್ಚಿದೆ. ಬೆಟ್ಟ ಹತ್ತಿ ಇಳಿದು ಅದೇ ದಿನ ಮರಳುವವರು ಊರಿನ ದಾರಿಯಲ್ಲಿ ಹಾದುಹೋಗುತ್ತಾರೆಯೇ ಹೊರತು ಊರಿನಲ್ಲಿ ನಿಲ್ಲುವುದಿಲ್ಲ. ವಾಹನದ ಹೊಗೆ, ಪ್ಲಾಸ್ಟಿಕ್ ಕಸ ಊರಿಗೆ; ಖರ್ಚಾದ ಹಣದ ಹೆಚ್ಚಿನ ಪಾಲು ಬೇರೆಡೆಗೆ.

ಬಾಲಿಯಲ್ಲಿ ಹೇಗೆ?

ಬಾಲಿಯ ಬಂಗ್ಲಿ ಪ್ರಾಂತದ ಪೆಂಗ್ಲಿಪುರನ್ ಗ್ರಾಮ 2023ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಘಟನೆಯಿಂದ 'ಅತ್ಯುತ್ತಮ ಪ್ರವಾಸಿ ಗ್ರಾಮ'ಗಳಲ್ಲೊಂದು ಎನಿಸಿತು. ಕಲ್ಲು ಹಾಸಿದ ಒಂದೇ ನೇರ ಬೀದಿ, ಎರಡೂ ಬದಿ ಒಂದೇ ಬಗೆಯ ಬಾಗಿಲುಳ್ಳ 76 ಮನೆಯಂಗಳಗಳು, ಹಿಂದೆ ಬಿದಿರ ಕಾಡು. ಈ ಬೀದಿಗೆ ಮೋಟಾರು ವಾಹನಗಳ ಪ್ರವೇಶವಿಲ್ಲ. ಊರಿನ ಅಂದ ಕಾಯುವುದು ಗ್ರಾಮಸ್ಥರ ಸಾಂಪ್ರದಾಯಿಕ ಸಭೆಯೇ. ಪ್ರವೇಶ ಶುಲ್ಕದ ಒಂದು ಭಾಗ ಗ್ರಾಮಕ್ಕೇ ಸೇರುತ್ತದೆ. ಅಲ್ಲಿ ನಿಯಮ ಹೊರಗಿನಿಂದ ಬಂದದ್ದಲ್ಲ, ಊರೇ ಮಾಡಿಕೊಂಡದ್ದು. ಆನೆಗೊಂದಿಗೂ ಬಾಲಿಗೂ ಇರುವ ಮುಖ್ಯ ವ್ಯತ್ಯಾಸ ಇದೇ.

ಹಾಗೆಂದು ಪೆಂಗ್ಲಿಪುರನ್ ಮಾದರಿಯಲ್ಲಿ ದೋಷವಿಲ್ಲವೆಂದಲ್ಲ. ಅಂಗಳಗಳೆಲ್ಲ ಅಂಗಡಿಗಳಾದರೆ ಊರು ಪ್ರದರ್ಶನವಾಗಿಬಿಡುವ ಅಪಾಯ ಅಲ್ಲೂ ಇದೆ.

ಹೋಗುವವರು ಗಮನಿಸಿ

ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಹೊಸಪೇಟೆ ತಲುಪಿ, ಅಲ್ಲಿಂದ ಬುಕ್ಕಸಾಗರ–ಕಡೇಬಾಗಿಲು ಸೇತುವೆ ಮೂಲಕ ಆನೆಗೊಂದಿಗೆ ಹೋಗಬಹುದು. ಗಂಗಾವತಿಯಿಂದಲೂ ರಸ್ತೆ ಇದೆ. ಮಳೆಗಾಲದಲ್ಲಿ ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ದೋಣಿ ಸಂಚಾರ ನಿಲ್ಲುತ್ತದೆ, ನವಬೃಂದಾವನಕ್ಕೆ ದಾರಿ ಇರುವುದಿಲ್ಲ. ನವೆಂಬರ್‌ನಿಂದ ಫೆಬ್ರುವರಿ ಸೂಕ್ತ ಕಾಲ.

ನೋಂದಾಯಿತ ಹೋಂಸ್ಟೇಗಳಲ್ಲಿಯೇ ತಂಗುವುದು ಒಳಿತು. 2025ರ ಮಾರ್ಚ್‌ನಲ್ಲಿ ಸಮೀಪದ ಸಣಾಪುರದ ಬಳಿ ರಾತ್ರಿ ವೇಳೆ ಪ್ರವಾಸಿಗರ ಮೇಲೆ ನಡೆದ ಅಮಾನುಷ ಕೃತ್ಯದ ಬಳಿಕ ಸುರಕ್ಷತೆಯ ಪ್ರಶ್ನೆ ಮುನ್ನೆಲೆಗೆ ಬಂದಿದೆ. ಕತ್ತಲಾದ ಮೇಲೆ ನಿರ್ಜನ ನದಿದಂಡೆ, ಕಾಲುವೆ ಬದಿಗೆ ಹೋಗದಿರುವುದು ಕ್ಷೇಮ.

ಒಂದು ದಿನದ ಬದಲು ಎರಡು ರಾತ್ರಿ ಉಳಿಯಿರಿ. ಬೆಳಿಗ್ಗೆ ಊರಿನ ಹೋಟೆಲಿನಲ್ಲಿ ಒಗ್ಗರಣೆ–ಮಿರ್ಚಿ ತಿನ್ನಿ, ಮಧ್ಯಾಹ್ನ ಜೋಳದ ರೊಟ್ಟಿ ಉಣ್ಣಿ. ನಾರಿನ ಬುಟ್ಟಿ ಕೊಳ್ಳುವಾಗ ಹೆಣೆಯಲು ಎಷ್ಟು ದಿನ ಹಿಡಿಯಿತೆಂದು ಕೇಳಿ, ಆಮೇಲೆ ಬೆಲೆಯ ಮಾತಾಡಿ. ಜನರ, ಮನೆಗಳ ಚಿತ್ರ ತೆಗೆಯುವ ಮುನ್ನ ಅನುಮತಿ ಪಡೆಯಿರಿ. ಅವು ಸ್ಮಾರಕಗಳಲ್ಲ, ಒಬ್ಬರ ಜಗುಲಿ, ಒಬ್ಬರ ಅಡುಗೆಮನೆ.