ಬಲ್ಬು ಬದಲಿಸುವ ಮೊದಲು ಸ್ಕ್ರೂ ತಿರುಗಿಸಿ

ಆದೋನಿಯಿಂದ ಆಸ್ಪರಿ ಮೇಲೆ ಪತ್ತಿಕೊಂಡದ ಕಡೆ ಹೋಗುವ ರಸ್ತೆಯಲ್ಲಿ ಊರು ದಾಟಿದ ಮೇಲೆ ರಾತ್ರಿ ಬೆಳಕೆಂದರೆ ವಾಹನದ ಬೆಳಕೊಂದೇ. ಹೋಗುವವರೂ ಬರುವವರೂ ಒಂದೇ ಡಾಂಬರಿನ ಮೇಲೆ ಎದುರುಬದುರಾಗುತ್ತಾರೆ. ಹತ್ತಿ ಸುಗ್ಗಿಯಲ್ಲಿ ಆದೋನಿ ಮಾರುಕಟ್ಟೆಗೆ ಹೊರಟ ಟ್ರ್ಯಾಕ್ಟರುಗಳಲ್ಲಿ ಎಷ್ಟೋ ಟ್ರೇಲರುಗಳಿಗೆ ಹಿಂದಿನ ಕೆಂಪು ದೀಪವೇ ಇರುವುದಿಲ್ಲ. ಯುಗಾದಿ ಹತ್ತಿರವಾದಾಗ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟ ಕನ್ನಡ ನಾಡಿನ ಭಕ್ತರು ಮಂತ್ರಾಲಯ, ಎಮ್ಮಿಗನೂರಿನ ಕಡೆಯ ರಸ್ತೆಗಳಲ್ಲಿ ಬಿಸಿಲು ತಪ್ಪಿಸಲು ರಾತ್ರಿಯೇ ನಡೆಯುತ್ತಾರೆ. ಇಂಥ ರಸ್ತೆಯಲ್ಲಿ ಕಾರು ಓಡಿಸುವವರು ಸರಿಯಾಗಿ ಕಾಣುತ್ತಿಲ್ಲ ಎನ್ನಿಸಿದ ಕೂಡಲೇ ಇನ್ನೂ ಪ್ರಖರವಾದ ಬಲ್ಬು ಹುಡುಕುತ್ತಾರೆ. ಮೊದಲು ನೋಡಬೇಕಾದದ್ದು ದೀಪದ ಶಕ್ತಿಯನ್ನಲ್ಲ, ಅದು ಯಾವ ಕಡೆಗೆ ಮುಖ ಮಾಡಿದೆ ಎಂಬುದನ್ನು.

ಲೆಕ್ಕ ಸರಳವಾಗಿದೆ. ಡಿಮ್ ಹಾಕಿದಾಗ, ಅಂದರೆ ಲೋ ಬೀಮ್‌ನಲ್ಲಿ, ಬೆಳಕಿಗೆ ಮೇಲ್ಗಡೆ ಒಂದು ಸ್ಪಷ್ಟ ಅಂಚಿರುತ್ತದೆ. ಕಾರುಗಳಲ್ಲಿ ಆ ಅಂಚು ಸಾಮಾನ್ಯವಾಗಿ ಶೇಕಡಾ 1ರಿಂದ 1.5ರಷ್ಟು ಕೆಳಕ್ಕೆ ಬಾಗಿರಬೇಕು. 10 ಮೀಟರ್ ದೂರದಲ್ಲಿ 10ರಿಂದ 15 ಸೆಂಟಿಮೀಟರ್ ಇಳಿದಿರಬೇಕು. ದೀಪ ನೆಲದಿಂದ 65 ಸೆಂಟಿಮೀಟರ್ ಎತ್ತರದಲ್ಲಿದ್ದು ಇಳಿಜಾರು ಶೇಕಡಾ 1 ಇದ್ದರೆ ಅಂಚು ನೆಲ ಮುಟ್ಟುವುದು 65 ಮೀಟರ್ ಆಚೆ. ಅದೇ ಶೇಕಡಾ 2.5 ಆದರೆ 26 ಮೀಟರಿಗೇ ಮುಗಿಯಿತು. ಗಂಟೆಗೆ 60 ಕಿ.ಮೀ. ವೇಗದಲ್ಲಿ, ಕಂಡು ಬ್ರೇಕ್ ಒತ್ತುವ ಹೊತ್ತನ್ನೂ ಸೇರಿಸಿದರೆ, ಒಣ ರಸ್ತೆಯಲ್ಲೇ ಕಾರು ನಿಲ್ಲಲು ಹೆಚ್ಚುಕಡಿಮೆ 45 ಮೀಟರ್ ಬೇಕು. ಹೊಸ ಬಲ್ಬು ಹಾಕಿ ಬೆಳಕನ್ನು ಎರಡು ಪಟ್ಟು ಮಾಡಿದರೂ ಅಷ್ಟೇ ಬೆಳಕು ಬೀಳುವ ದೂರ ಎರಡು ಪಟ್ಟಾಗುವುದಿಲ್ಲ, ಸುಮಾರು 1.4 ಪಟ್ಟು ಮಾತ್ರ. ದೀಪ ತಗ್ಗಿಯೇ ಇದ್ದರೆ ಅದೂ ಸಿಗದೆ, ಬಾನೆಟ್ಟಿನ ಮುಂದಿನ ನೆಲ ಬೆಳ್ಳಗಾಗಿ, ಆ ಬೆಳಕಿಗೆ ಒಗ್ಗಿದ ಕಣ್ಣಿಗೆ ಅದರಾಚೆಯ ಕತ್ತಲು ಇನ್ನಷ್ಟು ಕಪ್ಪಾಗುತ್ತದೆ.

ತಗ್ಗಿದ ದೀಪದ ನಷ್ಟ ನಮಗೆ. ಎತ್ತರಿಸಿದ ದೀಪದ ನಷ್ಟ ಎದುರಿನವರಿಗೆ. ದೀಪವನ್ನು ಯಾರೂ ಮುಟ್ಟದಿದ್ದರೂ ಅದು ಎತ್ತರಿಸಿಕೊಳ್ಳಬಲ್ಲದು. ಮನೆಮಂದಿಯೆಲ್ಲ ಹತ್ತಿ, ಡಿಕ್ಕಿಯಲ್ಲಿ ಅಕ್ಕಿ ಮೂಟೆ ಇಟ್ಟು ಹೊರಟ ಸಣ್ಣ ಕಾರಿನ ಹಿಂಭಾಗ 5 ಸೆಂಟಿಮೀಟರ್ ಕುಸಿಯಿತು ಎನ್ನೋಣ. ಮುಂದಿನ ಹಿಂದಿನ ಚಕ್ರಗಳ ನಡುವೆ ಎರಡೂವರೆ ಮೀಟರ್ ಇದ್ದರೆ ಕಾರು ಶೇಕಡಾ 2ರಷ್ಟು ಮೂಗೆತ್ತುತ್ತದೆ. ಕೆಳಕ್ಕೆ ಶೇಕಡಾ 1 ಬಾಗಿದ್ದ ಬೆಳಕು ಈಗ ಮೇಲಕ್ಕೆ ಶೇಕಡಾ 1. ಐವತ್ತು ಮೀಟರ್ ಮುಂದೆ ಅದರ ಅಂಚು ನೆಲದಿಂದ 115 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ: ಎದುರು ಬರುವ ಕಾರಿನ ಚಾಲಕನ ಕಣ್ಣಿನ ಮಟ್ಟ. ಇದಕ್ಕೆಂದೇ ಅನೇಕ ಕಾರುಗಳಲ್ಲಿ ಸ್ಟೀರಿಂಗ್ ಪಕ್ಕ 0ಯಿಂದ 3ರವರೆಗಿನ ಸಣ್ಣ ಚಕ್ರವೊಂದಿರುತ್ತದೆ. ಅಂಕಿ ಹೆಚ್ಚಿಸಿದಂತೆ ದೀಪ ತಗ್ಗುತ್ತದೆ. ವರ್ಷಗಟ್ಟಲೆ ಕಾರು ಓಡಿಸಿದವರಲ್ಲೂ ಅದನ್ನು ಮುಟ್ಟಿದವರು ಕಡಿಮೆ.

ದೀಪ ತುಸು ಎತ್ತರಿಸಿದರೆ ನಮಗೆ ಹೆಚ್ಚು ದೂರ ಕಾಣುತ್ತದಲ್ಲ ಎಂದು ಕೇಳಬಹುದು. ಕಾಣುತ್ತದೆ, ಅದು ಸುಳ್ಳಲ್ಲ. ಆದರೆ ಆ ಲಾಭ ಎದುರಿಗೆ ಯಾರೂ ಇಲ್ಲದಿರುವಾಗಿನದು. ಅದಕ್ಕೆ ಹೈ ಬೀಮ್ ಇದ್ದೇ ಇದೆ. ಖಾಲಿ ರಸ್ತೆಯಲ್ಲಿ ಧಾರಾಳವಾಗಿ ಬಳಸಿ, ಎದುರು ವಾಹನ ಕಂಡ ತಕ್ಷಣ ಇಳಿಸಬೇಕು. ಎಲ್ಲರೂ ಡಿಮ್ಮನ್ನೇ ಎತ್ತರಿಸಿಕೊಂಡರೆ ಎಲ್ಲರ ಕಣ್ಣೂ ಕೋರೈಸಿ, ಗಳಿಸಿದ ದೂರ ಅಲ್ಲಿಗೇ ಹೋಗುತ್ತದೆ. ಎದುರಿನವರು ತಗ್ಗಿಸದಿರುವಾಗ ನಾವೇಕೆ ತಗ್ಗಿಸಬೇಕು ಎಂಬ ವಾದದ ಹಿಂದಿನ ಸಿಟ್ಟು ನ್ಯಾಯವಾದದ್ದೇ. ಆದರೂ ಕಣ್ಣು ಕುಕ್ಕಿಸಿಕೊಂಡ ಲಾರಿ ಚಾಲಕ ದಾರಿ ತಪ್ಪಿ ಬಂದರೆ ಬರುವುದು ನಮ್ಮ ಕಡೆಗೇ. ನಮ್ಮ ದೇಶದ ಲೋ ಬೀಮ್ ಎಡಕ್ಕೆ ತುಸು ಮೇಲೇರುವಂತೆ ಮಾಡಿರುವುದೂ ಇದಕ್ಕಾಗಿ: ಬಲಗಡೆ ಬರುವವರಿಗೆ ಚುಚ್ಚದೆ, ಎಡ ಅಂಚಿನಲ್ಲಿ ನಡೆಯುವ ಯಾತ್ರಿಕನನ್ನು ದೂರದಿಂದಲೇ ತೋರಿಸಬೇಕು. ಹ್ಯಾಲೊಜನ್‌ಗೆಂದು ಮಾಡಿದ ರಿಫ್ಲೆಕ್ಟರಿನಲ್ಲಿ ಅಂಗಡಿಯ ಎಲ್ಇಡಿ ತುರುಕಿದಾಗ ಕೆಡುವುದು ಈ ನಾಜೂಕೇ. ರಿಫ್ಲೆಕ್ಟರನ್ನು ಫಿಲಮೆಂಟ್ ಇರುವ ಜಾಗಕ್ಕೆ ಲೆಕ್ಕ ಹಾಕಿ ರೂಪಿಸಿರುತ್ತಾರೆ. ಬೆಳಕು ಹುಟ್ಟುವ ಜಾಗ ಒಂದೆರಡು ಮಿಲಿಮೀಟರ್ ಸರಿದರೂ ಅಂಚು ಚದುರುತ್ತದೆ. ಆಮೇಲೆ ಯಾವ ಸ್ಕ್ರೂ ತಿರುಗಿಸಿದರೂ ಅದು ನೆಟ್ಟಗಾಗದು. ದೀಪದ ನಡುವೆ ಕಪ್ಪು ಬೊಟ್ಟು ಅಂಟಿಸುವ ಹಳೆಯ ಪದ್ಧತಿಯೂ ಬೆಳಕನ್ನು ಕಡಿಮೆ ಮಾಡಿತೇ ಹೊರತು ದಿಕ್ಕನ್ನು ತಿದ್ದಲಿಲ್ಲ.

ತಿದ್ದುವ ಕೆಲಸಕ್ಕೆ ಬೇಕಾದದ್ದು ಸಮತಟ್ಟಾದ ನೆಲ, ಗೋದಾಮಿನಂಥ ಒಂದು ನೇರ ಗೋಡೆ, ಸೀಮೆಸುಣ್ಣ, ಟೇಪು. ಟೈರಿನ ಗಾಳಿ ಸರಿಮಾಡಿ, ಡಿಕ್ಕಿ ಖಾಲಿ ಮಾಡಿ, ಚಾಲಕನ ಸೀಟಿನಲ್ಲಿ ಒಬ್ಬರನ್ನು ಕೂರಿಸಿ, ಸ್ಟೀರಿಂಗ್ ಪಕ್ಕದ ಸಣ್ಣ ಚಕ್ರವನ್ನು 0ಗೆ ತರಬೇಕು. ಗೋಡೆಗೆ ಹತ್ತಿರ ನಿಂತು ಎರಡೂ ದೀಪಗಳ ನಡುಮಧ್ಯದ ಎತ್ತರ ಗುರುತಿಸಿ, ನೇರವಾಗಿ 10 ಮೀಟರ್ ಹಿಂದೆ ಸರಿಯಬೇಕು. ಗುರುತಿಗಿಂತ ಅಂಚು ಎಷ್ಟು ಇಳಿದಿರಬೇಕೆಂಬ ಶೇಕಡಾವಾರು ಅಂಕಿ ಹಲವು ಕಾರುಗಳಲ್ಲಿ ದೀಪದ ಮೇಲೋ ಬಾನೆಟ್ಟಿನ ಒಳಗೋ ಅಚ್ಚಾಗಿರುತ್ತದೆ, 1.2 ಎಂದಿದ್ದರೆ 12 ಸೆಂಟಿಮೀಟರ್. ಗುರುತಿನಿಂದ ಅಷ್ಟು ಕೆಳಗೆ ಗೋಡೆಯ ಮೇಲೆ ಗೆರೆ ಎಳೆಯಬೇಕು. ಒಂದು ದೀಪಕ್ಕೆ ಸ್ವಲ್ಪ ಹೊತ್ತು ಬಟ್ಟೆ ಅಡ್ಡ ಹಿಡಿದು ಇನ್ನೊಂದರ ಹಿಂದಿನ ಸ್ಕ್ರೂವನ್ನು ನಿಧಾನವಾಗಿ ತಿರುಗಿಸುತ್ತ ಅಂಚನ್ನು ಗೆರೆಗೆ ತರಬೇಕು. ಗುಂಡಿ ಬಿದ್ದ ರಸ್ತೆಯಲ್ಲಿ ಇದೆಲ್ಲ ಎಷ್ಟು ದಿನ ನಿಂತೀತು ಎನ್ನುವವರಿದ್ದಾರೆ. ಗುಂಡಿಯಲ್ಲಿ ದೀಪ ಕುಪ್ಪಳಿಸುವುದು ಕ್ಷಣಮಾತ್ರ. ತಪ್ಪಾಗಿ ಕೂತ ದೀಪ ದಾರಿಯುದ್ದಕ್ಕೂ ತಪ್ಪಾಗಿಯೇ ಇರುತ್ತದೆ. ಕುಲುಕಾಟಕ್ಕೆ ಸ್ಕ್ರೂ ಸಡಿಲವಾಗುವುದಾದರೆ ವರ್ಷಕ್ಕೊಮ್ಮೆ ನೋಡಲು ಅದೇ ಕಾರಣ.

ಕಾನೂನಿನಲ್ಲಿ ಇದಕ್ಕೆ ಜಾಗವಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದ ಪ್ರಕಾರ, ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, 1.5 ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಬೆಳಕು ಕೋರೈಸಬಾರದು. ಆದರೆ ಖಾಸಗಿ ಕಾರಿನ ನೋಂದಣಿ 15 ವರ್ಷ ನಡೆಯುತ್ತದೆ. ನಡುವೆ ಕಡ್ಡಾಯವಾಗಿ ನಡೆಯುವುದು ಹೊಗೆ ತಪಾಸಣೆ ಮಾತ್ರ, ದೀಪವನ್ನು ಯಾರೂ ಕೇಳುವುದಿಲ್ಲ. ಜರ್ಮನಿಯಲ್ಲಿ 1956ರಿಂದಲೂ ಅಕ್ಟೋಬರ್ ತಿಂಗಳಲ್ಲಿ ಗ್ಯಾರೇಜುಗಳು ದೀಪಗಳನ್ನು ಉಚಿತವಾಗಿ ಪರೀಕ್ಷಿಸಿಕೊಡುತ್ತವೆ. ನಮ್ಮಲ್ಲೂ ಅದೇ ಹೊತ್ತಿಗೆ ಹತ್ತಿ ಬಿಡಿಸಲು ಶುರುವಾಗಿ ರಾತ್ರಿ ಓಡಾಟ ಹೆಚ್ಚುತ್ತದೆ. ಆದೋನಿ, ಆಸ್ಪರಿ, ಆಲೂರಿನ ಮೆಕ್ಯಾನಿಕ್ಕುಗಳು ತಮ್ಮ ಶೆಡ್ಡಿನ ಗೋಡೆಗೆ ಅಳತೆಯ ಗೆರೆ ಎಳೆದು, ದಸರೆಗೆ ಮುಂಚೆ ಬಂದ ಕಾರು, ಆಟೊ, ಟ್ರ್ಯಾಕ್ಟರುಗಳ ದೀಪ ನೋಡಿಕೊಡಬಹುದು. ಹೊಗೆ ತಪಾಸಣೆಯ ಕೇಂದ್ರಗಳಲ್ಲೂ ಇಂಥದೊಂದು ಗೆರೆ ಇರಲೆಂದು ಸಾರಿಗೆ ಇಲಾಖೆಯನ್ನು ಒತ್ತಾಯಿಸಬೇಕು.